ಅಣುಗಳ ನಡುವಿನ ಆಕರ್ಷಣ ಬಲಗಳು

ಅಣುವಿನೊಳಗೆ ಪರಮಾಣುಗಳನ್ನು ಹಿಡಿದಿಡುವುದು ರಾಸಾಯನಿಕ ಬಂಧ. ಒಂದು ಅಣುವನ್ನು ನೆರೆಯ ಅಣುವಿನತ್ತ ಸೆಳೆಯುವ ಬಲ ಬೇರೆಯದು; ಅದಕ್ಕೆ ಅಂತರಾಣ್ವಿಕ ಬಲ ಎಂದು ಹೆಸರು. ಬಂಧದ ಮುಂದೆ ಇದು ತೀರ ದುರ್ಬಲ. ನೀರಿನ ಅಣುವಿನಲ್ಲಿ ಆಮ್ಲಜನಕ ಮತ್ತು ಹೈಡ್ರೋಜನ್ ನಡುವಿನ ಒಂದು ಬಂಧವನ್ನು ಕಡಿಯಲು ಮೋಲ್‌ಗೆ ಸುಮಾರು 460 ಕಿಲೋಜೌಲ್ ಶಕ್ತಿ ಬೇಕು. ನೀರಿನ ಎರಡು ಅಣುಗಳ ನಡುವಿನ ಹಿಡಿತದ ಶಕ್ತಿ 20 ಕಿಲೋಜೌಲ್‌ನ ಆಸುಪಾಸಿನದು. ಆರ್ಗಾನ್‌ನ ಎರಡು ಪರಮಾಣುಗಳ ನಡುವೆ ಇರುವುದು ಬರೀ 1 ಕಿಲೋಜೌಲ್‌ನಷ್ಟು. ಇವುಗಳ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟುಕೊಳ್ಳಬೇಕು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಣುಗಳ ಸಹಜ ಓಡಾಟದ ಶಕ್ತಿಯ ಅಳತೆ ಮೋಲ್‌ಗೆ ಸುಮಾರು 2.5 ಕಿಲೋಜೌಲ್. ಸೆಳೆತ ಈ ಓಡಾಟಕ್ಕಿಂತ ಬಹಳ ಹೆಚ್ಚಿದ್ದರೆ ವಸ್ತು ಘನ, ತಕ್ಕಮಟ್ಟಿಗೆ ಹೆಚ್ಚಿದ್ದರೆ ದ್ರವ, ಕಡಿಮೆಯಾದರೆ ಅನಿಲ. ಬಂಧಗಳು ಓಡಾಟದ ಶಕ್ತಿಗೆ ಜಗ್ಗುವುದಿಲ್ಲ. ಅಂತರಾಣ್ವಿಕ ಬಲಗಳು ಸದಾ ಅದರೊಡನೆ ಜಗ್ಗಾಟದಲ್ಲಿರುತ್ತವೆ. ಕರಗುವುದು, ಕುದಿಯುವುದು, ಆರುವುದು, ಅಂಟುವುದು, ಇಂಗುವುದು ಎಲ್ಲವೂ ಈ ಜಗ್ಗಾಟದ ಫಲ.

ನೀರು ಕುದಿದಾಗ ಹಬೆಯಾಗಿ ಹೋಗುವುದು ನೀರೇ. ಹೈಡ್ರೋಜನ್ ಮತ್ತು ಆಮ್ಲಜನಕ ಅಲ್ಲ. ಅಣು ಇಡಿಯಾಗಿಯೇ ಉಳಿದು, ಅಣುಗಳ ನಡುವಿನ ಹಿಡಿತ ಮಾತ್ರ ತಪ್ಪುತ್ತದೆ. ಈ ಹಿಡಿತವನ್ನು ತಪ್ಪಿಸಲು ಎಷ್ಟು ಬಿಸಿ ಬೇಕು ಎಂಬುದು ಹೊರಗಿನ ಗಾಳಿಯ ಒತ್ತಡವನ್ನೂ ಅವಲಂಬಿಸಿದೆ. ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದ ಬೆಳಗಾವಿಯಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97.5 ಡಿಗ್ರಿಗೇ ಕುದಿಯುತ್ತದೆ.

ಇಂಥ ಸೆಳೆತ ಇದೆ ಎಂಬ ಊಹೆ ಅಣುಗಳ ಇರವಿಗೆ ಪುರಾವೆ ಸಿಗುವ ಮೊದಲೇ ಹುಟ್ಟಿತು. ಸಣ್ಣ ಗಾಜಿನ ನಳಿಗೆಯಲ್ಲಿ ನೀರು ತಾನಾಗಿ ಮೇಲೇರುವುದನ್ನು 1805ರಲ್ಲಿ ಥಾಮಸ್ ಯಂಗ್, 1806ರಲ್ಲಿ ಲಾಪ್ಲಾಸ್ ವಿವರಿಸಿದಾಗ, ದ್ರವದ ಕಣಗಳು ಬಹಳ ಹತ್ತಿರದಲ್ಲಿ ಮಾತ್ರ ಒಂದನ್ನೊಂದು ಎಳೆಯುತ್ತವೆ ಎಂದು ಇಟ್ಟುಕೊಂಡಿದ್ದರು. 1852ರಲ್ಲಿ ಜೌಲ್ ಮತ್ತು ಥಾಮ್ಸನ್ ಒತ್ತಿದ ಅನಿಲವನ್ನು ಸಣ್ಣ ಸಂದಿಯ ಮೂಲಕ ಹಿಗ್ಗಲು ಬಿಟ್ಟರು, ಅದು ತಣ್ಣಗಾಯಿತು. ದೂರ ಸರಿಯುವ ಅಣುಗಳು ತಮ್ಮ ನಡುವಿನ ಎಳೆತದ ವಿರುದ್ಧ ಕೆಲಸ ಮಾಡಬೇಕು, ಆ ಖರ್ಚು ಅವುಗಳ ವೇಗದಿಂದಲೇ ಹೋಗುತ್ತದೆ. 1869ರಲ್ಲಿ ಥಾಮಸ್ ಆ್ಯಂಡ್ರೂಸ್ ತೋರಿಸಿದ ಪ್ರಕಾರ ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿಗಿಂತ ಮೇಲೆ ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ; ಅಲ್ಲಿ ಓಡಾಟ ಸೆಳೆತವನ್ನು ಮೀರಿರುತ್ತದೆ.

ಈ ಎಲ್ಲವನ್ನೂ ಒಂದು ಸಮೀಕರಣದೊಳಗೆ ತಂದವರು ಡಚ್ ವಿಜ್ಞಾನಿ ಯೋಹಾನೆಸ್ ವಾನ್ ಡರ್ ವಾಲ್ಸ್. ಲೈಡನ್ ವಿಶ್ವವಿದ್ಯಾಲಯಕ್ಕೆ 1873ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅವರು ಆದರ್ಶ ಅನಿಲದ ಸಮೀಕರಣಕ್ಕೆ ಎರಡು ತಿದ್ದುಪಡಿ ಸೇರಿಸಿದರು: ಅಣುಗಳಿಗೆ ತಮ್ಮದೇ ಗಾತ್ರವಿದೆ, ಅವು ಒಂದನ್ನೊಂದು ಎಳೆಯುತ್ತವೆ. ಎಳೆತವನ್ನು ಸೂಚಿಸುವ ಅವರ ಸ್ಥಿರಾಂಕ ನೀರಿಗೆ ಹೀಲಿಯಮ್‌ಗಿಂತ ಸುಮಾರು 160 ಪಟ್ಟು ದೊಡ್ಡದು. ಒಂದು ದ್ರವವಾಗಿ ಹರಿಯುವುದಕ್ಕೂ ಇನ್ನೊಂದನ್ನು ದ್ರವ ಮಾಡಲು 1908ರವರೆಗೆ ಕಾಯಬೇಕಾಗಿ ಬಂದುದಕ್ಕೂ ಕಾರಣ ಈ ಅಂತರದಲ್ಲಿದೆ. ವಾನ್ ಡರ್ ವಾಲ್ಸ್ ಅವರಿಗೆ 1910ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಎಳೆತ ಇದೆ ಎಂದು ಅವರು ತೋರಿಸಿದರೇ ಹೊರತು ಅದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. ಗುರುತ್ವ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಣುಗಳ ತೂಕ ಅಷ್ಟು ಅಲ್ಪ. ಉತ್ತರ ಇದ್ದುದು ವಿದ್ಯುತ್ತಿನಲ್ಲಿ.

ಅಣುವಿನಲ್ಲಿ ಎಲೆಕ್ಟ್ರಾನುಗಳು ಸಮನಾಗಿ ಹರಡಿರಬೇಕೆಂದಿಲ್ಲ. ಹೈಡ್ರೋಜನ್ ಕ್ಲೋರೈಡಿನಲ್ಲಿ ಕ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆ ತುದಿ ತುಸು ಋಣ, ಹೈಡ್ರೋಜನ್ ತುದಿ ತುಸು ಧನ. ಹೀಗೆ ಎರಡು ತುದಿಯ ಅಣುವಿಗೆ ದ್ವಿಧ್ರುವ ಎನ್ನುತ್ತಾರೆ. ಒಂದು ಅಣುವಿನ ಧನ ತುದಿ ಇನ್ನೊಂದರ ಋಣ ತುದಿಯನ್ನು ಸೆಳೆಯುವಂತೆ ಅಣುಗಳು ತಿರುಗಿ ನಿಲ್ಲಲು ನೋಡುತ್ತವೆ, ಶಾಖ ಅವನ್ನು ಅಡ್ಡಾದಿಡ್ಡಿ ತಿರುಗಿಸುತ್ತದೆ. ಎರಡರ ನಡುವೆ ಉಳಿಯುವ ಸರಾಸರಿ ಸೆಳೆತವನ್ನು 1921ರಲ್ಲಿ ಕೀಸಮ್ ಲೆಕ್ಕ ಹಾಕಿದರು. ಬಿಸಿಯಾದಷ್ಟೂ ಇದು ತಗ್ಗುತ್ತದೆ. ಅದಕ್ಕೆ ಒಂದು ವರ್ಷ ಮೊದಲು ಪೀಟರ್ ಡಿಬೈ ಮತ್ತೊಂದು ಬಗೆಯನ್ನು ಗುರುತಿಸಿದ್ದರು: ದ್ವಿಧ್ರುವ ಅಣು ಪಕ್ಕದಲ್ಲಿ ಬಂದಾಗ ಸಮತೋಲದ ಅಣುವಿನ ಎಲೆಕ್ಟ್ರಾನುಗಳೂ ಒಂದು ಕಡೆ ಸರಿದು ಅಲ್ಲಿ ತಾತ್ಕಾಲಿಕ ಧ್ರುವಗಳು ಹುಟ್ಟುತ್ತವೆ. ಸ್ವತಃ ಯಾವ ಧ್ರುವವೂ ಇಲ್ಲದ ಆಮ್ಲಜನಕ ನೀರಿನಲ್ಲಿ ಕರಗುವುದರಲ್ಲಿ ಈ ಬಲದ ಪಾಲಿದೆ. ಕರಗುವುದು ಅಲ್ಪವೇ, 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಮಲಪ್ರಭಾ ನದಿಯ ಮೀನುಗಳಿಗೆ ಸಾಕಾಗುವುದು ಅಷ್ಟೇ.

ಉಪ್ಪು ನೀರಿನಲ್ಲಿ ಕರಗುವಾಗ ಕೆಲಸ ಮಾಡುವುದು ಅಯಾನಿಗೂ ದ್ವಿಧ್ರುವಕ್ಕೂ ನಡುವಿನ ಸೆಳೆತ. 801 ಡಿಗ್ರಿಗೆ ಕರಗುವ ಉಪ್ಪಿನ ಹರಳನ್ನು ನೀರು ತಣ್ಣಗೇ ಬಿಡಿಸುತ್ತದೆ, ಏಕೆಂದರೆ ಬೇರ್ಪಟ್ಟ ಪ್ರತಿ ಅಯಾನನ್ನೂ ನೀರಿನ ಹಲವು ಅಣುಗಳು ಸುತ್ತುವರಿದು ಹಿಡಿಯುತ್ತವೆ.

ಇಷ್ಟರಿಂದ ಒಂದು ಪ್ರಶ್ನೆ ಬಗೆಹರಿಯುವುದಿಲ್ಲ. ಹೀಲಿಯಮ್, ನಿಯಾನ್, ಆರ್ಗಾನ್‌ಗಳಲ್ಲಿ ಧ್ರುವವೇ ಇಲ್ಲ. ಆದರೂ ತಣಿಸಿದರೆ ಅವು ದ್ರವವಾಗುತ್ತವೆ. 1930ರಲ್ಲಿ ಫ್ರಿಟ್ಸ್ ಲಂಡನ್ ಕ್ವಾಂಟಮ್ ಸಿದ್ಧಾಂತದ ನೆರವಿನಿಂದ ಇದನ್ನು ಬಿಡಿಸಿದರು. ಎಲೆಕ್ಟ್ರಾನುಗಳು ನಿಂತಲ್ಲಿ ನಿಲ್ಲುವುದಿಲ್ಲ. ಸರಾಸರಿಯಲ್ಲಿ ಸಮತೋಲವಿದ್ದರೂ ಪ್ರತಿ ಕ್ಷಣದಲ್ಲಿ ಪರಮಾಣುವಿನ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಆಗುತ್ತಲೇ ಇರುತ್ತದೆ. ಆ ಕ್ಷಣದ ದ್ವಿಧ್ರುವ ಪಕ್ಕದ ಪರಮಾಣುವಿನ ಎಲೆಕ್ಟ್ರಾನುಗಳನ್ನೂ ತನಗೆ ಹೊಂದುವಂತೆ ಸರಿಸುತ್ತದೆ. ಎರಡರ ಏರಿಳಿತ ಒಂದಕ್ಕೊಂದು ತಾಳೆಯಾಗಿ ಸೆಳೆತ ಉಳಿಯುತ್ತದೆ. ಪ್ರಸರಣ ಬಲ ಅಥವಾ ಲಂಡನ್ ಬಲ ಎನ್ನುವುದು ಇದಕ್ಕೇ. ಇದು ಎಲ್ಲ ಅಣುಗಳ ನಡುವೆಯೂ ಇದೆ, ಧ್ರುವ ಇರಲಿ ಬಿಡಲಿ.

ಎಲೆಕ್ಟ್ರಾನುಗಳು ಹೆಚ್ಚಿದ್ದು ಸಡಿಲವಾಗಿದ್ದಷ್ಟೂ ಪ್ರಸರಣ ಬಲ ದೊಡ್ಡದು. ಹೀಲಿಯಮ್ ಕುದಿಯುವುದು ಸೊನ್ನೆಗಿಂತ 269 ಡಿಗ್ರಿ ಕೆಳಗೆ, ಆರ್ಗಾನ್ 186 ಡಿಗ್ರಿ ಕೆಳಗೆ, ಜೆನಾನ್ 108 ಡಿಗ್ರಿ ಕೆಳಗೆ. ಒಂದೇ ಗುಂಪಿನ ಫ್ಲೋರಿನ್ ಮತ್ತು ಕ್ಲೋರಿನ್ ಅನಿಲ, ಬ್ರೋಮಿನ್ ದ್ರವ, ಅಯೋಡಿನ್ ಘನ. ಅಣುವಿನ ಆಕಾರಕ್ಕೂ ಇಲ್ಲಿ ಬೆಲೆಯಿದೆ. ಐದು ಇಂಗಾಲ, ಹನ್ನೆರಡು ಹೈಡ್ರೋಜನ್ ಇರುವ ಪೆಂಟೇನ್‌ಗೆ ಮೂರು ರೂಪ: ನೀಳ ಸರಪಳಿಯದು 36 ಡಿಗ್ರಿಗೆ ಕುದಿದರೆ, ಒಂದು ಕವಲಿನದು 28ಕ್ಕೆ, ಉಂಡೆಯಂಥದು 9.5ಕ್ಕೆ. ನೀಳ ಅಣುಗಳು ಮೈಗೆ ಮೈ ತಾಗಿಸಿ ಮಲಗಬಲ್ಲವು. ಉಂಡೆಗಳು ತಾಗುವುದು ಒಂದೆರಡು ಕಡೆ ಮಾತ್ರ.

ಅಡುಗೆ ಮನೆಯ ಸಿಲಿಂಡರ್ ನಿಂತಿರುವುದು ಇದರ ಮೇಲೆಯೇ. ಅದರೊಳಗಿನ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯುಟೇನ್ ಸೊನ್ನೆಯ ಹತ್ತಿರ ಕುದಿಯುತ್ತವೆ. ಇವುಗಳ ನಡುವಿನ ಪ್ರಸರಣ ಬಲ ಸಾಧಾರಣ ಒತ್ತಡದಲ್ಲಿಯೇ ದ್ರವವಾಗಿಸಿ ತುಂಬುವಷ್ಟು ಹೆಚ್ಚು, ರೆಗ್ಯುಲೇಟರ್ ತೆರೆದೊಡನೆ ಅನಿಲವಾಗಿ ಒಲೆಗೆ ಬರುವಷ್ಟು ಕಡಿಮೆ. ಸಿಲಿಂಡರ್‌ನ ಪಕ್ಕದಲ್ಲೇ ಇರುವ ತುಪ್ಪ ಮತ್ತು ಶೇಂಗಾ ಎಣ್ಣೆಯ ವ್ಯತ್ಯಾಸವೂ ಇಲ್ಲಿಗೇ ಸೇರಿದ್ದು. ಸ್ಟಿಯರಿಕ್ ಆಮ್ಲ ಮತ್ತು ಒಲಿಯಿಕ್ ಆಮ್ಲ ಎರಡರಲ್ಲೂ 18 ಇಂಗಾಲಗಳಿವೆ. ಮೊದಲನೆಯದು ನೇರ ಸರಪಳಿ, ಸುಮಾರು 69 ಡಿಗ್ರಿಯವರೆಗೆ ಗಟ್ಟಿ. ಎರಡನೆಯದರ ನಡುವೆ ಒಂದು ದ್ವಿಬಂಧದಿಂದ ಬಳುಕು ಬಿದ್ದಿದೆ. ಸರಪಳಿಗಳು ಒತ್ತಾಗಿ ಕೂರಲಾರವು, 13 ಡಿಗ್ರಿಯ ಸುಮಾರಿಗೇ ಕರಗುತ್ತವೆ. ಬಳುಕಿದ ಸರಪಳಿಗಳು ಶೇಂಗಾ ಎಣ್ಣೆಯಲ್ಲಿ ಹೆಚ್ಚು, ನೇರ ಸರಪಳಿಗಳು ತುಪ್ಪದಲ್ಲಿ ಹೆಚ್ಚು. ಚಳಿಗಾಲದಲ್ಲಿ ತುಪ್ಪ ಹೆಪ್ಪುಗಟ್ಟಿ ಎಣ್ಣೆ ಹರಿಯುತ್ತಿರುವುದು ಇದರಿಂದ.

ಪ್ರಸರಣ ಬಲವನ್ನು ಪಠ್ಯಪುಸ್ತಕಗಳು ಕೊನೆಯಲ್ಲಿ, ಎಲ್ಲಕ್ಕಿಂತ ದುರ್ಬಲ ಎಂದು ಹೇಳಿ ಮುಗಿಸುವುದುಂಟು. ಅದು ಸರಿಯಲ್ಲ. ದ್ವಿಧ್ರುವಕ್ಕೆ ಉದಾಹರಣೆಯಾಗಿ ಎಲ್ಲರೂ ಕೊಡುವ ಹೈಡ್ರೋಜನ್ ಕ್ಲೋರೈಡನ್ನೇ ನೋಡಿದರೆ ಸಾಕು. ಕ್ಲೋರೈಡ್, ಬ್ರೋಮೈಡ್, ಅಯೊಡೈಡ್ ಎಂದು ಕೆಳಗಿಳಿದಂತೆ ಅಣುವಿನ ಧ್ರುವತೆ ಡಿಬೈ ಏಕಮಾನದಲ್ಲಿ 1.08, 0.82, 0.44 ಎಂದು ಇಳಿಯುತ್ತ ಹೋಗುತ್ತದೆ. ಧ್ರುವಗಳೇ ಮುಖ್ಯವಾಗಿದ್ದರೆ ಕುದಿಬಿಂದುವೂ ಇಳಿಯಬೇಕಿತ್ತು. ಅದು –85, –67, –35 ಡಿಗ್ರಿ ಎಂದು ಏರುತ್ತದೆ. ಹೈಡ್ರೋಜನ್ ಕ್ಲೋರೈಡಿನಲ್ಲೂ ಒಟ್ಟು ಸೆಳೆತದ ಬಹುಪಾಲು ಪ್ರಸರಣದ್ದೇ. ಅದು ಹಿಂದೆ ಬೀಳುವುದು ನೀರಿನಂಥ ಸಣ್ಣ, ಬಹಳ ಧ್ರುವತೆಯ ಅಣುಗಳಲ್ಲಿ ಮಾತ್ರ.

ಕೀಸಮ್, ಡಿಬೈ, ಲಂಡನ್ ಹೆಸರಿನ ಮೂರನ್ನೂ ಒಟ್ಟಾಗಿ ವಾನ್ ಡರ್ ವಾಲ್ಸ್ ಬಲಗಳು ಎನ್ನುತ್ತಾರೆ. ಮೂರರ ಶಕ್ತಿಯೂ ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ: ದೂರ ಎರಡು ಪಟ್ಟಾದರೆ ಶಕ್ತಿ 64ರಲ್ಲಿ ಒಂದು ಪಾಲು. ತೀರ ಹತ್ತಿರ ಬಂದರೆ ಎಲೆಕ್ಟ್ರಾನ್ ಮೋಡಗಳು ಒಂದರ ಮೇಲೊಂದು ಏರಿ ವಿಕರ್ಷಣೆ ಹುಟ್ಟುತ್ತದೆ. ಇದು ಇನ್ನೂ ಕಡಿದಾಗಿ ಏರುತ್ತದೆ. ಲೆನಾರ್ಡ್–ಜೋನ್ಸ್ ಹೆಸರಿನ ಸೂತ್ರದಲ್ಲಿ ಹನ್ನೆರಡನೆಯ ಘಾತ. ಆ ಹನ್ನೆರಡಕ್ಕೆ ಆಳವಾದ ಕಾರಣವೇನೂ ಇಲ್ಲ, ಆರರ ಇಮ್ಮಡಿಯಾದ್ದರಿಂದ ಲೆಕ್ಕ ಸುಲಭ. ಎಳೆತ ಮತ್ತು ತಳ್ಳಾಟ ಸಮವಾಗುವ ದೂರದಲ್ಲಿ ಅಣುಗಳು ನೆಲೆಸುತ್ತವೆ. ಆರ್ಗಾನ್ ಪರಮಾಣುಗಳಿಗೆ ಅದು 0.38 ನ್ಯಾನೋಮೀಟರ್.

ಹೈಡ್ರೋಜನ್ ಬಂಧ

ಇಂಗಾಲದ ಗುಂಪಿನ ಹೈಡ್ರೈಡುಗಳ ಕುದಿಬಿಂದು ಅಣು ಹಿರಿದಾದಂತೆ ಕ್ರಮವಾಗಿ ಏರುತ್ತದೆ: ಮೀಥೇನ್ –161, ಸಿಲೇನ್ –112, ಜರ್ಮೇನ್ –88. ಆಮ್ಲಜನಕದ ಗುಂಪಿನಲ್ಲಿ ಹೈಡ್ರೋಜನ್ ಟೆಲ್ಯುರೈಡ್ –2, ಸೆಲೆನೈಡ್ –41, ಸಲ್ಫೈಡ್ –60. ಇದೇ ಓಟದಲ್ಲಿ ನೀರು ಸೊನ್ನೆಗಿಂತ 70–80 ಡಿಗ್ರಿ ಕೆಳಗೆ ಕುದಿಯಬೇಕಿತ್ತು. ಕುದಿಯುವುದು 100ಕ್ಕೆ. ಅಮೋನಿಯ ಮತ್ತು ಹೈಡ್ರೋಜನ್ ಫ್ಲೋರೈಡುಗಳೂ ತಮ್ಮ ಸಾಲಿನಿಂದ ಹೀಗೆಯೇ ಮೇಲಕ್ಕೆ ಹಾರಿ ನಿಂತಿವೆ. ಕ್ಯಾಲಿಫೋರ್ನಿಯದ ಲ್ಯಾಟಿಮರ್ ಮತ್ತು ರೋಡ್‌ಬುಷ್ 1920ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಹೀಗಿದೆ: ನೀರಿನ ಒಂದು ಅಣುವಿನ ಹೈಡ್ರೋಜನ್, ನೆರೆಯ ಅಣುವಿನ ಆಮ್ಲಜನಕದಲ್ಲಿ ಬಂಧಕ್ಕೆ ಬಳಕೆಯಾಗದೆ ಉಳಿದ ಎಲೆಕ್ಟ್ರಾನ್ ಜೋಡಿಯತ್ತ ಸೆಳೆಯಲ್ಪಟ್ಟು ಎರಡು ಆಮ್ಲಜನಕಗಳ ನಡುವೆ ನಿಲ್ಲುತ್ತದೆ. ಈ ಸೆಳೆತಕ್ಕೇ ಹೈಡ್ರೋಜನ್ ಬಂಧ ಎಂದು ಹೆಸರು. 1939ರಲ್ಲಿ ಲೈನಸ್ ಪೌಲಿಂಗ್ ಬರೆದ ರಾಸಾಯನಿಕ ಬಂಧದ ಪುಸ್ತಕ ಈ ವಿಚಾರವನ್ನು ಎಲ್ಲೆಡೆ ಹರಡಿತು.

ಹೈಡ್ರೋಜನ್‌ಗೆ ಒಳಗಿನ ಎಲೆಕ್ಟ್ರಾನ್ ಪದರವಿಲ್ಲ. ಇರುವ ಒಂದೇ ಎಲೆಕ್ಟ್ರಾನನ್ನು ಆಮ್ಲಜನಕ ಎಳೆದುಕೊಂಡರೆ ಪ್ರೋಟಾನ್ ಬಹುಮಟ್ಟಿಗೆ ಬರಿದಾಗಿ ನಿಲ್ಲುತ್ತದೆ, ನೆರೆಯ ಅಣು ತೀರ ಹತ್ತಿರ ಬರಬಹುದು. ಮಂಜುಗಡ್ಡೆಯಲ್ಲಿ ಹೈಡ್ರೋಜನ್ ತನ್ನ ಆಮ್ಲಜನಕದಿಂದ 0.10 ನ್ಯಾನೋಮೀಟರ್, ನೆರೆಯ ಆಮ್ಲಜನಕದಿಂದ 0.18 ನ್ಯಾನೋಮೀಟರ್ ದೂರದಲ್ಲಿದೆ. ಈ ಬಂಧಕ್ಕೆ ದಿಕ್ಕೂ ಇದೆ. ಮೂರು ಪರಮಾಣುಗಳು ಒಂದೇ ಗೆರೆಯಲ್ಲಿ ನಿಂತಾಗ ಅದು ಬಿಗಿ. ಮಂಜುಗಡ್ಡೆಯಲ್ಲಿ ನೀರಿನ ಪ್ರತಿ ಅಣುವಿಗೂ ನಾಲ್ಕೇ ನೆರೆ, ನಾಲ್ಕು ದಿಕ್ಕಿಗೆ. ಹಾಗೆ ಕಟ್ಟಿದ ಹಂದರದಲ್ಲಿ ಖಾಲಿ ಜಾಗ ಹೆಚ್ಚು, ಸಾಂದ್ರತೆ 0.917. ಕರಗಿದಾಗ ಹಂದರ ಕುಸಿದು ಅಣುಗಳು ಒತ್ತಾಗುತ್ತವೆ; 4 ಡಿಗ್ರಿಯಲ್ಲಿ ನೀರು ಅತಿ ಸಾಂದ್ರ. ಆಲಿಕಲ್ಲು ನೀರಲ್ಲಿ ತೇಲುವುದು ಇದರಿಂದ.

ಒಂದೇ ಅಣುಸೂತ್ರದ ಎರಡು ವಸ್ತುಗಳಲ್ಲಿ ಇದರ ಪ್ರಭಾವ ನಿಚ್ಚಳ. ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರ ಪರಮಾಣುಗಳೂ ಅವೇ, ತೂಕವೂ ಅದೇ. ಹೈಡ್ರಾಕ್ಸಿಲ್ (ಆಮ್ಲಜನಕ–ಹೈಡ್ರೋಜನ್) ಗುಂಪಿರುವ ಎಥನಾಲ್ 78 ಡಿಗ್ರಿಗೆ, ಅದಿಲ್ಲದ ಈಥರ್ –24ಕ್ಕೆ ಕುದಿಯುತ್ತದೆ. ಅಸಿಟಿಕ್ ಆಮ್ಲವನ್ನು ಬೆಂಜೀನಿನಲ್ಲಿ ಕರಗಿಸಿ ಅಣುತೂಕ ಅಳೆದರೆ ಇರಬೇಕಾದ್ದರ ಇಮ್ಮಡಿಗೆ ಹತ್ತಿರದ ಅಂಕಿ ಬರುತ್ತದೆ. ಎರಡೆರಡು ಅಣುಗಳು ಎರಡು ಹೈಡ್ರೋಜನ್ ಬಂಧಗಳಿಂದ ಜೋಡಿಯಾಗಿರುತ್ತವೆ. ಆರ್ಥೋ ನೈಟ್ರೋಫಿನಾಲಿನಲ್ಲಿ ಹೈಡ್ರೋಜನ್ ಬಂಧ ಅಣುವಿನೊಳಗೇ ಮುಗಿದುಹೋಗುತ್ತದೆ, ಅದು 45 ಡಿಗ್ರಿಗೆ ಕರಗಿ ಹಬೆಯೊಡನೆ ಹೊರಬರುತ್ತದೆ. ಪ್ಯಾರಾ ರೂಪದಲ್ಲಿ ಬಂಧ ಹೊರಗಿನ ಅಣುಗಳೊಡನೆ, ಅದು 114ರವರೆಗೆ ಗಟ್ಟಿ.

ಖಾನಾಪುರದ ಸುತ್ತ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಈ ಬಲಗಳನ್ನು ಕಾಲಕೆಳಗೇ ನೋಡಬಹುದು. ತಾಲೂಕಿನ ಪಶ್ಚಿಮ ಭಾಗ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಮಳೆನಾಡು, ಕೆಂಪು ನೆಲ. ಪೂರ್ವಕ್ಕೆ ಪಾರಿಶ್ವಾಡ, ಇಟಗಿಗಳನ್ನು ದಾಟಿ ಬೈಲಹೊಂಗಲ, ಸವದತ್ತಿಯತ್ತ ಹೋದಂತೆ ಎರೆ ನೆಲ. ಎರಡೂ ಮಣ್ಣುಗಳ ಜೇಡಿಯ ಕಣಗಳು ತೆಳು ಪದರಗಳಿಂದಾದವು. ಮಳೆ ಹೆಚ್ಚಿನ ಕೆಂಪು ನೆಲದಲ್ಲಿ ಮುಖ್ಯವಾಗಿರುವ ಕೇಯೊಲಿನೈಟ್ ಖನಿಜದಲ್ಲಿ ಒಂದು ಪದರದ ಹೈಡ್ರಾಕ್ಸಿಲ್ ಮೈ ಮುಂದಿನ ಪದರದ ಆಮ್ಲಜನಕದ ಮೈಗೆ ಎದುರಾಗಿದೆ. ಸಾಲುಸಾಲು ಹೈಡ್ರೋಜನ್ ಬಂಧಗಳು ಪದರಗಳನ್ನು 0.72 ನ್ಯಾನೋಮೀಟರ್ ಅಂತರದಲ್ಲಿ ಕಟ್ಟಿಹಾಕುತ್ತವೆ, ನೀರು ಒಳಗೆ ಹೋಗಲಾರದು. ಎರೆ ಮಣ್ಣಿನ ಮಾಂಟ್‌ಮೊರಿಲೊನೈಟಿನಲ್ಲಿ ಎದುರುಬದುರು ಇರುವುದು ಆಮ್ಲಜನಕದ ಮೈಗಳೇ. ಅಲ್ಲಿ ಹೈಡ್ರೋಜನ್ ಬಂಧಕ್ಕೆ ಆಸ್ಪದವಿಲ್ಲ. ನಡುವಿನ ಕೆಲವು ಅಯಾನುಗಳು ಮತ್ತು ವಾನ್ ಡರ್ ವಾಲ್ಸ್ ಸೆಳೆತ ಪದರಗಳನ್ನು ಸಡಿಲವಾಗಿ ಹಿಡಿದಿವೆ. ಮಳೆ ಬಿದ್ದರೆ ನೀರು ಪದರಗಳ ನಡುವೆ ನುಗ್ಗಿ ಅಂತರ 1 ನ್ಯಾನೋಮೀಟರ್‌ನಿಂದ ಇಮ್ಮಡಿಗೂ ಹೋಗುತ್ತದೆ, ನೆಲ ಉಬ್ಬಿ ಕಾಲಿಗೆ ಮೆತ್ತುತ್ತದೆ. ಬೇಸಿಗೆಯಲ್ಲಿ ಆ ನೀರು ಹೊರಟುಹೋಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಎರೆ ನೆಲದಲ್ಲಿ ಮನೆ ಕಟ್ಟುವವರು ಅಡಿಪಾಯಕ್ಕೆ ಹೆಚ್ಚು ಖರ್ಚು ಮಾಡುವುದು ಈ ಒಂದು ನ್ಯಾನೋಮೀಟರ್ ಹಿಗ್ಗಿಗಾಗಿ.

ಉಬ್ಬದ, ಬಿರಿಯದ ಜೇಡಿಯೇ ಕುಂಬಾರಿಕೆಗೆ ಒಳ್ಳೆಯದು. ಖಾನಾಪುರ ಹೆಂಚಿಗೂ ಮಡಿಕೆಗೂ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಹದವಾಗಿ ಕಲಸಿದ ಮಣ್ಣಿನಲ್ಲಿ ಕಣಗಳ ಸುತ್ತ ನೀರಿನ ತೆಳು ಪೊರೆ ಇರುತ್ತದೆ. ಪೊರೆ ಕಣಗಳನ್ನು ಒಂದಕ್ಕೊಂದು ಅಂಟಿಸಿಯೂ ಇಡುತ್ತದೆ, ಒತ್ತಿದಾಗ ಜಾರಲೂ ಬಿಡುತ್ತದೆ. ತಿಗರಿಯ ಮೇಲೆ ಮಣ್ಣು ಬೆರಳಿಗೆ ಬಗ್ಗಿ, ಕೈ ತೆಗೆದ ಮೇಲೆ ಆಕಾರ ಬಿಡದಿರುವುದಕ್ಕೆ ಎರಡೂ ಬೇಕು. ನೆರಳಲ್ಲಿ ಆರುವಾಗ ಪೊರೆ ತೆಳುವಾಗಿ ಕಣಗಳು ಹತ್ತಿರ ಸರಿಯುತ್ತವೆ, ಗಡಿಗೆ ಕುಗ್ಗುತ್ತದೆ. ಬಿಸಿಲಿಗೆ ಇಟ್ಟರೆ ಹೊರಮೈ ಒಳಮೈಗಿಂತ ಬೇಗ ಕುಗ್ಗಿ ಸೀಳುತ್ತದೆ. ಆರಿದ ಹಸಿ ಗಡಿಗೆಯನ್ನು ನೀರಲ್ಲಿ ಹಾಕಿದರೆ ಮತ್ತೆ ಮಣ್ಣಾಗುತ್ತದೆ. ಆವಿಗೆಯಲ್ಲಿ 450–600 ಡಿಗ್ರಿ ದಾಟಿದ ಮೇಲೆ ಜೇಡಿಯ ಹೈಡ್ರಾಕ್ಸಿಲ್ ಗುಂಪುಗಳೇ ನೀರಾಗಿ ಹೊರಬಿದ್ದು, ಕಣಗಳ ನಡುವೆ ನಿಜವಾದ ರಾಸಾಯನಿಕ ಬಂಧಗಳು ಹುಟ್ಟುತ್ತವೆ. ಆಮೇಲೆ ಅದನ್ನು ಹಿಂದಕ್ಕೆ ಮಣ್ಣು ಮಾಡಲಾಗದು. ಅಂತರಾಣ್ವಿಕ ಬಲಕ್ಕೂ ಬಂಧಕ್ಕೂ ಇರುವ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಸುಬು ಇನ್ನೊಂದಿಲ್ಲ.

ಗಡಿಗೆ ನೀರನ್ನು ತಂಪಾಗಿಡುವುದೂ ಹೈಡ್ರೋಜನ್ ಬಂಧದ ದೆಸೆಯಿಂದ. ನೀರಿನ ಅಣು ಆವಿಯಾಗಲು ನೆರೆಯ ಬಂಧಗಳನ್ನೆಲ್ಲ ಕಳಚಿಕೊಳ್ಳಬೇಕು, ಅದಕ್ಕೆ ಗ್ರಾಂಗೆ ಸುಮಾರು 2,400 ಜೌಲ್ ಬೇಕು. ಹತ್ತು ಲೀಟರ್ ಗಡಿಗೆಯ ಮೈಯಿಂದ ನೂರು ಗ್ರಾಂ ನೀರು ಆರಿ, ಆ ಶಾಖವೆಲ್ಲ ಒಳಗಿನ ನೀರಿನಿಂದಲೇ ಹೋದರೆ ಅದು ಐದಾರು ಡಿಗ್ರಿ ತಣಿಯುತ್ತದೆ.

ಪಾರಿಶ್ವಾಡದ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ಬೆಲ್ಲದ ಗಾಣದಲ್ಲಿ ನೀರನ್ನು ಓಡಿಸುವುದೇ ಕೆಲಸ. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಎಂಬತ್ತರಷ್ಟು ನೀರು. ಸುಕ್ರೋಸ್ ಅಣುವಿನಲ್ಲಿ ಎಂಟು ಹೈಡ್ರಾಕ್ಸಿಲ್ ಗುಂಪುಗಳಿದ್ದು ಎಲ್ಲವೂ ನೀರನ್ನು ಹಿಡಿದುಕೊಳ್ಳುತ್ತವೆ. ಅದಕ್ಕೇ ನೂರು ಗ್ರಾಂ ತಣ್ಣೀರಿನಲ್ಲಿ ಇನ್ನೂರು ಗ್ರಾಂ ಸಕ್ಕರೆ ಕರಗುತ್ತದೆ. ಕೊಪ್ಪರಿಗೆ ಕುದಿದು ನೀರು ಕಡಿಮೆಯಾದಂತೆ ಉಳಿದ ನೀರನ್ನು ಬಿಡಿಸುವುದು ಕಷ್ಟವಾಗುತ್ತ ಹೋಗುತ್ತದೆ, ಕುದಿಯುವ ಉಷ್ಣತೆ ಏರುತ್ತದೆ. ಪಾಕ ಇಳಿಸುವಾಗ ಅದು 115–118 ಡಿಗ್ರಿ. ಥರ್ಮಾಮೀಟರ್ ಇಲ್ಲದವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ: ಹರಡಿದರೆ ಇನ್ನೂ ಆಗಬೇಕು, ಗಟ್ಟಿ ಗುಂಡಾದರೆ ಇಳಿಸಬೇಕು. ನೀರು ತೊಲಗಿದಂತೆ ಸಕ್ಕರೆಯ ಅಣುಗಳ ಹೈಡ್ರಾಕ್ಸಿಲ್‌ಗಳು ತಮ್ಮತಮ್ಮಲ್ಲೇ ಹೆಣೆದುಕೊಂಡು ಸ್ನಿಗ್ಧತೆ ಏರಿರುವುದನ್ನು ಬೆರಳು ಹೇಳುತ್ತದೆ. ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುವುದರ ಹಿಂದೆಯೂ ಇದೇ ರಸಾಯನ. ಹುಳಿ ಉಳಿದರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ; ಇವು ಬೆರೆತ ಬೆಲ್ಲ ಸರಿಯಾಗಿ ಹರಳುಗಟ್ಟದೆ, ಮಳೆಗಾಲದ ಗಾಳಿಯಿಂದ ನೀರೆಳೆದುಕೊಂಡು ಜಿಗುಟಾಗುತ್ತದೆ.

ಬೆಳಗಾವಿ ನಗರದ ಶಹಾಪುರ, ವಡಗಾವಿ, ಖಾಸಬಾಗ ನೇಕಾರರ ಬಡಾವಣೆಗಳು. ಹತ್ತಿ ಎಂದರೆ ಸೆಲ್ಯುಲೋಸ್, ಅದರ ನೀಳ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಪಕ್ಕಪಕ್ಕಕ್ಕೆ ಕಟ್ಟಿಕೊಂಡಿವೆ. ಹಾಸಿನ ನೂಲಿಗೆ ಗಂಜಿ ಹಾಕಿದಾಗ ಪಿಷ್ಟದ ಹೈಡ್ರಾಕ್ಸಿಲ್‌ಗಳು ಹತ್ತಿಯವುಗಳೊಡನೆ ಹಾಗೆಯೇ ಕೂಡಿ ಎಳೆಗಳ ನವಿರನ್ನು ಒತ್ತಿಹಿಡಿಯುತ್ತವೆ. ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವುದರ ಗುಟ್ಟೂ ಇದೇ: ನೀರು ಹಳೆಯ ಬಂಧಗಳನ್ನು ಬಿಡಿಸುತ್ತದೆ, ಬಿಸಿ ನೀರನ್ನು ಓಡಿಸಿ ಹೊಸ ಬಂಧಗಳನ್ನು ಚಪ್ಪಟೆಯಾದ ಸ್ಥಿತಿಯಲ್ಲಿ ಕಟ್ಟುತ್ತದೆ. ನೇರ ಬಣ್ಣಗಳು ಹತ್ತಿಗೆ ಅಂಟುವುದು ಹೈಡ್ರೋಜನ್ ಬಂಧ ಮತ್ತು ಪ್ರಸರಣ ಬಲದಿಂದ. ಒಗೆದಂತೆ ಅವು ಸ್ವಲ್ಪಸ್ವಲ್ಪ ಬಿಡುತ್ತವೆ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಸೆಲ್ಯುಲೋಸ್‌ಗೆ ರಾಸಾಯನಿಕವಾಗಿಯೇ ಬಂಧಿಸಿಕೊಳ್ಳುವುದರಿಂದ ಗಟ್ಟಿ.

ಖಾನಾಪುರ ತಾಲೂಕಿನ ಪಶ್ಚಿಮದ ಭೀಮಗಡ ಕಾಡಿನ ಎತ್ತರದ ಮರಗಳು ಬೇರಿನಿಂದ ತುದಿಗೆ ನೀರೆತ್ತುವುದಕ್ಕೂ ಬೇರೆ ಯಂತ್ರವಿಲ್ಲ. ಗಾಳಿಯ ಒತ್ತಡವನ್ನು ನೆಚ್ಚಿದ ಹೀರುವ ಪಂಪು 10 ಮೀಟರ್‌ಗಿಂತ ಆಳದ ನೀರನ್ನು ಎತ್ತಲಾರದು. ಮರದ ಎಲೆಯಲ್ಲಿ ಒಂದು ಅಣು ಆವಿಯಾದಾಗ ಅದು ಹಿಂದಿನದನ್ನು, ಹಿಂದಿನದು ಅದರ ಹಿಂದಿನದನ್ನು ಎಳೆಯುತ್ತದೆ. ಹೀಗೆ ಒಂದಕ್ಕೊಂದು ಹಿಡಿದುಕೊಂಡ ನೀರಿನ ಎಳೆ ತುಂಡಾಗದೆ ಮೇಲೇರುತ್ತದೆ ಎಂದು ಡಿಕ್ಸನ್ ಮತ್ತು ಜೋಲಿ 1894ರಲ್ಲಿ ವಾದಿಸಿದರು; ಆ ಹಿಡಿತ ಹೈಡ್ರೋಜನ್ ಬಂಧಗಳದು. ಅದೇ ಬಂಧಗಳಿಂದಾಗಿ ನೀರಿನ ಮೇಲ್ಮೈ ಕರ್ಷಣ 20 ಡಿಗ್ರಿಯಲ್ಲಿ ಮೀಟರಿಗೆ 72.8 ಮಿಲಿನ್ಯೂಟನ್, ಸಾಮಾನ್ಯ ದ್ರವಗಳಲ್ಲಿ ಪಾದರಸವನ್ನು ಬಿಟ್ಟರೆ ಇಷ್ಟು ಇರುವುದು ಅಪರೂಪ.

ಜೀವಕೋಶ ಮತ್ತು ಔಷಧ

ಪ್ರೋಟೀನಿನ ಸರಪಳಿ ರಾಸಾಯನಿಕ ಬಂಧಗಳಿಂದ ಆಗಿದ್ದರೂ ಅದು ಮಡಚಿಕೊಂಡು ತಾಳುವ ಆಕಾರ ಅಂತರಾಣ್ವಿಕ ಬಲಗಳದು. ಪೌಲಿಂಗ್ ಮತ್ತು ಕೋರಿ 1951ರಲ್ಲಿ ತೋರಿಸಿದ ಆಲ್ಫಾ ಸುರುಳಿಯನ್ನು ಹೈಡ್ರೋಜನ್ ಬಂಧಗಳು ಹಿಡಿದಿವೆ. ಡಿಎನ್‌ಎಯಲ್ಲಿ ಅಡೆನಿನ್–ಥೈಮಿನ್ ಜೋಡಿಗೆ ಎರಡು, ಗ್ವಾನಿನ್–ಸೈಟೊಸಿನ್ ಜೋಡಿಗೆ ಮೂರು ಹೈಡ್ರೋಜನ್ ಬಂಧ. ಕೋಶ ಒಡೆಯುವಾಗ ಎರಡು ಎಳೆ ಬಿಚ್ಚಿಕೊಳ್ಳಬೇಕು, ಪ್ರತಿ ಎಳೆಯೂ ತುಂಡಾಗದೆ ಉಳಿಯಬೇಕು; ಒಂದು ದುರ್ಬಲ, ಒಂದು ಪ್ರಬಲ ಎಂಬ ಎರಡು ಮಟ್ಟದ ಬಲಗಳಿಲ್ಲದೆ ಇದು ಸಾಧ್ಯವಿರಲಿಲ್ಲ.

ವಿಕರ್ಷಣೆಯ ಕಡೆಯಿಂದ ಇದೇ ಪ್ರಶ್ನೆಗೆ ಬಂದವರು ಜಿ.ಎನ್. ರಾಮಚಂದ್ರನ್. ಬಂಧವಿಲ್ಲದ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು ಎಂಬ ಅಂಕಿಗಳನ್ನಷ್ಟೇ ಹಿಡಿದು, ಪ್ರೋಟೀನಿನ ಸರಪಳಿ ಯಾವ ಕೋನಗಳಿಗೆ ತಿರುಗಬಹುದು, ಯಾವುದಕ್ಕೆ ತಿರುಗಲಾರದು ಎಂದು ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ನಕ್ಷೆ ಬರೆದರು. ಮದರಾಸಿನಲ್ಲಿ ಮೂಡಿದ ಆ ನಕ್ಷೆಯಲ್ಲಿ ಇಂದಿಗೂ ಪ್ರತಿ ಹೊಸ ಪ್ರೋಟೀನ್ ರಚನೆಯನ್ನು ಪರೀಕ್ಷಿಸುತ್ತಾರೆ. ರಾಮಚಂದ್ರನ್ ಆಮೇಲೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನದ ವಿಭಾಗ ಕಟ್ಟಿದರು.

ಗೋಡೆಯ ಮೇಲಿನ ಹಲ್ಲಿಯ ಹಿಡಿತ ಬಹುಕಾಲ ಚರ್ಚೆಯಲ್ಲಿತ್ತು. ಪಾದದ ಲಕ್ಷಾಂತರ ಸೂಕ್ಷ್ಮ ರೋಮಗಳ ತುದಿ ಗೋಡೆಗೆ ನ್ಯಾನೋಮೀಟರ್‌ಗಳಷ್ಟು ಹತ್ತಿರವಾಗಿ ವಾನ್ ಡರ್ ವಾಲ್ಸ್ ಬಲದಿಂದ ಅಂಟುತ್ತದೆ ಎಂಬುದಕ್ಕೆ 2002ರಲ್ಲಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಪ್ರಯೋಗದ ಪುರಾವೆ ಕೊಟ್ಟರು.

ಔಷಧದ ಗುಳಿಗೆಯಲ್ಲಿ ಅಣು ಯಾವುದು ಎಂಬಷ್ಟೇ ಅಣುಗಳು ಹರಳಿನಲ್ಲಿ ಹೇಗೆ ಜೋಡಿಸಿಕೊಂಡಿವೆ ಎಂಬುದೂ ಮುಖ್ಯ. ಪ್ಯಾರಾಸಿಟಮಾಲಿನ ಸಾಮಾನ್ಯ ಹರಳನ್ನು ಒತ್ತಿದರೆ ಪುಡಿಯಾಗುತ್ತದೆ, ಗುಳಿಗೆಗೆ ಅಂಟು ಬೆರೆಸಬೇಕು. ಇನ್ನೊಂದು ಹರಳುರೂಪದಲ್ಲಿ ಅಣುಗಳು ಸಮತಟ್ಟಾದ ಪದರಗಳಾಗಿದ್ದು ಪದರಗಳು ಜಾರುವುದರಿಂದ ಅದು ಚೆನ್ನಾಗಿ ಒತ್ತಿಕೊಳ್ಳುತ್ತದೆ. ಆದರೆ ಅದು ಅಷ್ಟು ಸ್ಥಿರವಲ್ಲ. ಇಂಥ ಜೋಡಣೆಗಳನ್ನು ಮೊದಲೇ ಯೋಚಿಸಿ ರೂಪಿಸುವ ಹರಳು ಎಂಜಿನಿಯರಿಂಗ್‌ಗೆ 1989ರ ತಮ್ಮ ಪುಸ್ತಕದಿಂದ ತಳಪಾಯ ಹಾಕಿದವರಲ್ಲಿ ಗೌತಮ್ ದೇಸಿರಾಜು ಪ್ರಮುಖರು. ಹೈದರಾಬಾದಿನಲ್ಲಿದ್ದ ಅವರು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಮರುವ್ಯಾಖ್ಯೆ

ಹೈಡ್ರೋಜನ್ ಬಂಧ ಸಾರಜನಕ, ಆಮ್ಲಜನಕ, ಫ್ಲೋರಿನ್ ಮೂರಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ದಶಕಗಳ ಕಾಲ ಕಲಿಸಲಾಯಿತು. ಇಂಗಾಲ–ಹೈಡ್ರೋಜನ್ ಬಂಧವೂ ಇಂಥ ಸೆಳೆತದಲ್ಲಿ ಪಾಲುಗೊಳ್ಳುತ್ತದೆ ಎಂಬುದಕ್ಕೆ ಹರಳುಗಳಿಂದ ಪುರಾವೆ ಸೇರುತ್ತ ಬಂದಾಗ ಆ ಗೆರೆ ನಿಲ್ಲಲಿಲ್ಲ. ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ ಇದಕ್ಕಾಗಿ ನೇಮಿಸಿದ ಕಾರ್ಯತಂಡಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ಅಧ್ಯಕ್ಷರಾಗಿದ್ದರು, ದೇಸಿರಾಜು ಸದಸ್ಯರಾಗಿದ್ದರು. 2011ರಲ್ಲಿ ಪ್ರಕಟವಾದ ಅವರ ವ್ಯಾಖ್ಯೆ ಧಾತುಗಳ ಪಟ್ಟಿ ಕೊಡುವುದಿಲ್ಲ. ಹೈಡ್ರೋಜನ್‌ಗಿಂತ ಹೆಚ್ಚು ವಿದ್ಯುದೃಣೀಯವಾದ ಪರಮಾಣುವಿಗೆ ಅಂಟಿದ ಹೈಡ್ರೋಜನ್, ಇನ್ನೊಂದು ಪರಮಾಣು ಅಥವಾ ಪರಮಾಣುಗಳ ಗುಂಪಿನತ್ತ ಸೆಳೆಯಲ್ಪಟ್ಟಿರಬೇಕು. ಬಂಧ ಉಂಟಾದುದಕ್ಕೆ ಪುರಾವೆ ಇರಬೇಕು. ಪುರಾವೆ ಎಂದರೆ ಮೂಲ ಬಂಧ ಉದ್ದವಾಗುವುದು, ಅವಕೆಂಪು ರೋಹಿತದಲ್ಲಿ ಅದರ ಕಂಪನದ ಆವರ್ತಾಂಕ ಇಳಿಯುವುದು, ಕೋನ 180 ಡಿಗ್ರಿಯತ್ತ ವಾಲುವುದು ಮುಂತಾದವು.

ಈ ವ್ಯಾಖ್ಯೆಗೆ ಒಳ್ಳೆಯ ಒರೆಗಲ್ಲು ಹೈಡ್ರೋಜನ್ ಸಲ್ಫೈಡ್. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿಗೆ ನಾಲ್ಕು ನೆರೆಯಾದರೆ ಗಟ್ಟಿಯಾದ ಹೈಡ್ರೋಜನ್ ಸಲ್ಫೈಡಿನಲ್ಲಿ ಹನ್ನೆರಡು. ಅಲ್ಲಿ ದಿಕ್ಕಿನ ಬಂಧವಿಲ್ಲ, ಬರೀ ವಾನ್ ಡರ್ ವಾಲ್ಸ್ ಬಲ ಎಂದು ಪೌಲಿಂಗ್ ತೀರ್ಮಾನಿಸಿದ್ದರು. ಎರಡೇ ಅಣುಗಳ ಜೋಡಿಯನ್ನು ಅತಿ ತಂಪಿನಲ್ಲಿ ಮೈಕ್ರೋವೇವ್ ರೋಹಿತದಿಂದ ಅಳೆದು, ಅದೂ ಹೈಡ್ರೋಜನ್ ಬಂಧದಿಂದಲೇ ಕೂಡಿದೆ ಎಂದು ಅರುಣನ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ತೋರಿಸಿದರು. ಬಂಧ ಇತ್ತು, ಆದರೆ ಘನದಲ್ಲಿ ಅಣುಗಳನ್ನು ದಿಕ್ಕು ಹಿಡಿದು ನಿಲ್ಲಿಸುವಷ್ಟು ಗಟ್ಟಿ ಇರಲಿಲ್ಲ.

ಹೆಸರುಗಳು ಅಲ್ಲಿಂದೀಚೆಗೆ ಹೆಚ್ಚಾಗಿವೆ. 2013ರಲ್ಲಿ ಹ್ಯಾಲೊಜನ್ ಬಂಧಕ್ಕೆ ಒಕ್ಕೂಟದ ವ್ಯಾಖ್ಯೆ ಬಂತು. ಅದೇ ವರ್ಷ ಅರುಣನ್ ಮತ್ತು ಅವರೊಡನೆ ಕೆಲಸ ಮಾಡುತ್ತಿದ್ದ ಮಣಿ ಇಂಗಾಲ ಬಂಧ ಎಂಬುದನ್ನು ಮುಂದಿಟ್ಟರು. 2019ರಲ್ಲಿ ಗಂಧಕದ ಗುಂಪಿನ ಚಾಲ್ಕೋಜನ್ ಬಂಧದ ವ್ಯಾಖ್ಯೆ ಬಂತು. ಮೂಲದಲ್ಲಿ ಎಲ್ಲವೂ ವಿದ್ಯುದಾವೇಶಗಳ ಸೆಳೆತವೇ, ಪಾಲು ಮಾತ್ರ ಬೇರೆಬೇರೆ. ಪದವಿಪೂರ್ವ ತರಗತಿಯ ಪಠ್ಯದಲ್ಲಿ ಹೈಡ್ರೋಜನ್ ಬಂಧಕ್ಕೆ ಇರುವುದು ಸಾರಜನಕ, ಆಮ್ಲಜನಕ, ಫ್ಲೋರಿನ್‌ಗಳ ಹಳೆಯ ವ್ಯಾಖ್ಯೆ. ಅದನ್ನು ಪಾಠ ಮಾಡುವವರು ಬೆಂಗಳೂರಿನವರ ಮುಂದಾಳತ್ವದಲ್ಲಿ ರೂಪ ಪಡೆದ 2011ರ ವ್ಯಾಖ್ಯೆಯನ್ನೂ ಜೊತೆಗೆ ಹೇಳುವುದು ಒಳ್ಳೆಯದು.